ಅಟ್ಟದಲ್ಲಿ ಏನೂ ಇಲ್ಲ

ನಮ್ಮ ತಿಪಟೂರು ಸೀಮೆಯಲ್ಲಿ ಯಾರನ್ನು ಏನು ಬೇಕಾದರೂ ಕೇಳಬಹುದು. ಮಗಳಿಗೆ ಗಂಡು ಗೊತ್ತಾಯಿತೇ, ಸೊಸೆ ಯಾಕೆ ತವರಿಗೆ ಹೋದಳು, ಬೋರ್‌ವೆಲ್‌ನಲ್ಲಿ ನೀರು ಎಷ್ಟಿದೆ, ಎಲ್ಲಕ್ಕೂ ಉತ್ತರ ಸಿಗುತ್ತದೆ, ಜೊತೆಗೆ ಒಂದು ಲೋಟ ಕಾಫಿಯೂ ಸಿಗುತ್ತದೆ. ಅಟ್ಟದಲ್ಲಿ ಕಾಯಿ ಎಷ್ಟಿದೆ ಎಂದು ಮಾತ್ರ ಕೇಳಬಾರದು. ಕೇಳಿದರೆ ಉತ್ತರ ಒಂದೇ: "ಎಲ್ಲೈತೆ? ಏನೂ ಇಲ್ಲ." ಬಲಿತ ಕಾಯಿ ಅಟ್ಟಕ್ಕೇರಿದರೆ, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಅಷ್ಟು ದಿನವೂ ಬಾಗಿಲಿಗೆ ಬೀಗ, ಮಾಲೀಕನ ಬಾಯಿಗೂ ಬೀಗ. ಪಕ್ಕದವನಿಗೆ ಗೊತ್ತಾದರೆ ವ್ಯಾಪಾರ ಕೆಟ್ಟೀತು ಎಂಬ ಭಯ ಒಂದು, ಕಣ್ಣು ಬಿದ್ದೀತು ಎಂಬ ಭಯ ಇನ್ನೊಂದು.

ಇಂಥ ಊರಿನಲ್ಲಿ ನನಗೆ ಸಿಕ್ಕ ಕೆಲಸ ಏನು ಗೊತ್ತೇ? ಗೋಡೌನುಗಳಲ್ಲಿ ಏನಿದೆ ಎಂದು ಕೇಳಿ ಬರೆದುಕೊಂಡು ಬರುವುದು.

ನಾನು ಪಟ್ಟಣದ ಯೋಜನಾ ಕಚೇರಿಯಲ್ಲಿ ಸರ್ವೆ ಸಹಾಯಕಿ. ಮಾಸ್ಟರ್ ಪ್ಲಾನ್ ಹೊಸದಾಗಿ ಮಾಡುವ ಮುಂಚೆ, ಜನರಿಗೆ ಕೆಲಸ ಕೊಡುವ ಜಾಗಗಳನ್ನೆಲ್ಲ ಒಮ್ಮೆ ನೋಡಿ ಬರಬೇಕು. ಮಿಲ್ಲು, ಗೋಡೌನು, ನಾರಿನ ಕಾರ್ಖಾನೆ, ಎಲ್ಲ. ಕೆಲಸ ನಡೆಯುತ್ತಿದ್ದರೆ ನಕ್ಷೆಯಲ್ಲಿ ಆ ಜಾಗಕ್ಕೆ ನೇರಳೆ ಬಣ್ಣ ಉಳಿಯುತ್ತದೆ. ನಿಂತುಹೋಗಿದ್ದರೆ ಹಳದಿ, ಎಂದರೆ ಮನೆ ಕಟ್ಟಲು ಬಿಟ್ಟ ಜಾಗ. ಒಮ್ಮೆ ಹಳದಿಯಾದ ಬೀದಿಯಲ್ಲಿ ಗೋಡೌನು ನಡೆಸುವುದು ಕಷ್ಟ.

ಹೊನ್ನವಳ್ಳಿ ರಸ್ತೆ ಕಡೆಯ ಗೋಡೌನು ಬೀದಿ ನನ್ನ ಪಾಲಿಗೆ ಬಂತು. ಮೊದಲನೆಯದೇ ನಮ್ಮ ದೊಡ್ಡ ಮಾವನದು, ಎಂದರೆ ನನ್ನ ಗಂಡನ ದೊಡ್ಡಪ್ಪನದು. ಕುರ್ಚಿ ಹಾಕಿಸಿ, ಎಳನೀರು ಕೊಚ್ಚಿಸಿ ಕೊಟ್ಟು, ಅವರು ನೆಮ್ಮದಿಯಾಗಿ ಹೇಳಿದರು: "ಏನೂ ಇಲ್ಲ ಕಣಮ್ಮ. ಮುಚ್ಚಿ ಯಾವ್ ಕಾಲ ಆಯ್ತು!"

ತಲೆಯ ಮೇಲೆ ಅಟ್ಟ ಭಾರಕ್ಕೆ ಬಗ್ಗಿತ್ತು. ಹೊರಗೆ ಹುಣಸೆಮರದ ಕೆಳಗೆ ಹೆಂಗಸರು ಸಾಲಾಗಿ ಕೂತು, ಒಣಗಿದ ಕಾಯಿಯ ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಿದ್ದರು. ಆ ಟಕ್ ಟಕ್ ಸದ್ದಿನಲ್ಲಿ ಮಾವನ ಮಾತೇ ಸರಿಯಾಗಿ ಕೇಳುತ್ತಿರಲಿಲ್ಲ.

"ಮಾವ, ಅದೇನು ಸದ್ದು?"

"ಯಾವ ಸದ್ದು?"

ನನಗೆ ರೇಗಿತು. "ಹಿಂಗೇ ಬರ್ಕೊಂಡ್ರೆ ಈ ಬೀದಿ ಹಳದಿ ಆಗೋಯ್ತದೆ ಮಾವ. ಆಮೇಲೆ ನನ್ನ ಬೈಬ್ಯಾಡಿ."

"ಬರ್ಕೊಳಮ್ಮ. ಸರ್ಕಾರದೋರು ಕೇಳುದ್ರೆ ಇಲ್ಲ ಅನ್ನೋದು ನಮ್ಮಪ್ಪನ ಕಾಲದಿಂದ ನಡ್ಕೊಂಡ್ ಬಂದೈತೆ," ಎಂದು ಸಹಿ ಹಾಕಿಯೇಬಿಟ್ಟರು.

ಎದುರಿನ ಗೋಡೌನಿನ ಯಜಮಾನರು ಮಾವನ ಹಳೆಯ ಪೈಪೋಟಿಗಾರರು. ಇಬ್ಬರಿಗೂ ಯಾವ ವಿಷಯದಲ್ಲೂ ಒಮ್ಮತವಿಲ್ಲ, ಇದೊಂದರಲ್ಲಿ ಮಾತ್ರ ಇತ್ತು. ಅವರೂ ಏನೂ ಇಲ್ಲ ಎಂದರು. ಬೀದಿಗೆ ಬೀದಿಯೇ ಏನೂ ಇಲ್ಲ ಎಂದಿತು. ಕಚೇರಿಗೆ ಬಂದು, ಇವರೆಲ್ಲ ಹೇಳುವುದು ಶುದ್ಧ ಸುಳ್ಳು ಎಂದು ನಮ್ಮ ಸಾಹೇಬರ ಮುಂದೆ ಕೂಗಾಡಿದೆ. "ಮಾಲೀಕರೇ ಸಹಿ ಹಾಕಿದ್ದಾರಲ್ಲಮ್ಮ. ನಾವೇನು ಅವರ ಅಟ್ಟ ಹತ್ತೋಕಾಗುತ್ತಾ?" ಎಂದರು. ಆ ಹೆಂಗಸರ ಮಾತೆತ್ತಿದರೆ, ಮರದ ಕೆಳಗೆ ಕೂತವರನ್ನು ಯಾವ ಕಟ್ಟಡದ ಲೆಕ್ಕಕ್ಕೆ ಸೇರಿಸಲಿ ಎಂದರು. ಬೀದಿ ಹಳದಿಯಾಯಿತು.

ಕರಡು ನಕ್ಷೆಯನ್ನು ಸಭಾಂಗಣದ ಗೋಡೆಗೆ ಹಾಕಿ, ಆಕ್ಷೇಪಣೆ ಇದ್ದವರು ಬರಬಹುದು ಎಂದು ಡಂಗುರ ಹೊಡೆಸಿದೆವು. ಮಾವ ಬಂದರು, ಎದುರಿನ ಯಜಮಾನರೂ ಬಂದರು. ಹಳದಿ ಬಣ್ಣ ನೋಡಿ ಇಬ್ಬರ ಮುಖವೂ ಇಳಿಯಿತು. ಆದರೂ ಒಬ್ಬರ ಮುಂದೆ ಒಬ್ಬರು ಬಾಯಿ ಬಿಡುವುದು ಹೇಗೆ? ತಾವೇ ತೋಡಿದ ಗುಂಡಿಗೆ ತಾವೇ ಬಿದ್ದು ಕೂತಿದ್ದರು.

ಮಾತಾಡಿದ್ದು ಚಿಪ್ಪು ಒಡೆಯುವವರಲ್ಲಿ ಒಬ್ಬಾಕೆ. ಕಂದಿಕೆರೆ ಕಡೆಯಿಂದ ಮದುವೆಯಾಗಿ ಬಂದವಳು, ಆ ಮರದ ಕೆಳಗಿನ ಕೂಲಿಯಲ್ಲೇ ಮಗಳನ್ನು ನರ್ಸಿಂಗ್ ಓದಿಸುತ್ತಿದ್ದಳು. ಕೈಯಲ್ಲಿ ಕಾಗದ ಇರಲಿಲ್ಲ, ಕಂಠ ಇತ್ತು.

"ಅಲ್ಲಿ ಮನೆ ಕಟ್ಟುದ್ರೆ ನಾವೆಲ್ಲಿ ಕೂತ್ಕಬೇಕು ಸ್ವಾಮಿ?"

"ಅಲ್ಲಿ ಕೆಲಸವೇ ನಡೀತಿಲ್ಲ ಅಂತ ಮಾಲೀಕರು ಬರೆದುಕೊಟ್ಟಿದ್ದಾರಮ್ಮ," ಎಂದರು ಸಾಹೇಬರು.

ಆಕೆ ಸಾಹೇಬರನ್ನು ಬಿಟ್ಟು, ಮಾಲೀಕರು ಕೂತಿದ್ದ ಹಿಂದಿನ ಸಾಲಿನ ಕಡೆ ತಿರುಗಿದಳು. "ಹಂಗಾರೆ ನಾವು ವರ್ಸೆಲ್ಲ ಒಡ್ದಿದ್ದು ಏನ್ ಯಜಮಾನ್ರೇ, ಗಾಳಿನಾ? ನನ್ ಮಗ್ಳು ಇನ್ನೊಂದು ವರ್ಸ ಓದ್ಬೇಕು. ನೀವು ಇಲ್ಲ ಅಂದ್ರೆ ನಾನೂ ಇಲ್ಲ ಅಂತ್ಲೇ ಅಲ್ವಾ?"

ಮಾವ ಹೆಗಲಮೇಲಿನ ಟವೆಲ್ ತೆಗೆದು ಮುಖ ಒರೆಸಿದರು, ಮತ್ತೆ ಹಾಕಿಕೊಂಡರು. ಎದ್ದು ನಿಂತರು. ಎದುರಿನ ಯಜಮಾನರ ಕಿವಿ ನೆಟ್ಟಗಾಯಿತು.

"ಐತೆ," ಎಂದರು ಮಾವ.

"ಏನಿದೆ?" ಎಂದರು ಸಾಹೇಬರು.

"ಅಟ್ಟ ತುಂಬೈತೆ ಕಣ್ರೀ. ಸೂರಿಗೆ ತಾಗೈತೆ. ಆಯಮ್ಮ ದಿನಾ ಕೂತು ಒಡುದ್ರೂ ಮುಗಿಯಲ್ಲ. ಬರ್ಕಳಿ!"

ನನಗೆ ಕಣ್ಣು ತುಂಬಿ ಬಂತು. ನಾನು ಆ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ, ಹೆಂಡತಿಯ ಮುಂದೆಯೂ ಆ ಮನುಷ್ಯ ಇದೊಂದು ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಅಂಥವರು ಊರ ಮುಂದೆ, ಅದೂ ಪೈಪೋಟಿಗಾರರ ಪಕ್ಕದಲ್ಲೇ ನಿಂತು ಹೇಳಿದ್ದರು.

ಎದುರಿನ ಯಜಮಾನರು ಕೂತಲ್ಲಿಂದಲೇ, "ನಂದೂ ಐತೆ ಬುಡಿ," ಎಂದರು. ಇಡೀ ಸಭೆ ನಕ್ಕಿತು. ಅದರ ಹಿಂದೆ ಒಬ್ಬೊಬ್ಬರಾಗಿ ಎಲ್ಲರ ಅಟ್ಟವೂ ತುಂಬಿತು. ಸಾಹೇಬರು ಮರುಸರ್ವೆಗೆ ಬರೆದರು. ನಾನು ಗೋಡೌನುಗಳ ಜೊತೆಗೆ ಆ ಹುಣಸೆಮರವನ್ನೂ, ಅದರ ಕೆಳಗಿನ ಜಾಗವನ್ನೂ ಸೇರಿಸಬೇಕು ಎಂದು ಹಟ ಹಿಡಿದೆ. ಸೇರಿಸಿದರು.

ಅಂದು ಸಂಜೆ ದೊಡ್ಡತ್ತೆ ಮೆಣಸಿನಕಾಯಿ, ಉಪ್ಪು ಹಿಡಿದು ಗೋಡೌನಿನ ಬಾಗಿಲಿಗೆ ದೃಷ್ಟಿ ತೆಗೆದರು. ಮಾವ ಜಗಲಿಯ ಮೇಲೆ ಕೂತು ಗೊಣಗುತ್ತಿದ್ದರು: "ಇಡೀ ಊರ ಕಣ್ಣು ಬಿದ್ದೋಯ್ತು ಕಣೇ, ಇನ್ನೊಂದ್ಸಲ ತೆಗಿ." ಮೆಣಸಿನಕಾಯಿ ಘಾಟಿಗೆ ನಾವು ಮೂವರೂ ಕೆಮ್ಮಿದೆವು. ಬಹಳ ದಿನದ ಮೇಲೆ ನನಗೆ ನನ್ನ ಕೆಲಸದ ಮೇಲೆ ಪ್ರೀತಿ ಬಂದಿತ್ತು.

ಬೀದಿ ಈಗ ನೇರಳೆ. ಮರುಸರ್ವೆಗೆ ಹೋದ ದಿನ, ಸಭೆಯಲ್ಲಿ ಮಾತಾಡಿದ್ದ ಆಕೆ ಅದೇ ಮರದ ಕೆಳಗಿದ್ದಳು. ಬೆನ್ನ ಹಿಂದೆ ಆಳೆತ್ತರದ ಚಿಪ್ಪಿನ ರಾಶಿ, ಮುಂದೆ ಇನ್ನೂ ಒಡೆಯದ ಕಾಯಿ. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದೆ: "ಕೆಲ್ಸ ಹೆಂಗೈತೆ?"

ಆಕೆ ಅಕ್ಕಪಕ್ಕದವರ ಕಡೆ ಒಮ್ಮೆ ಕಣ್ಣು ಹಾಯಿಸಿ, ದನಿ ತಗ್ಗಿಸಿದಳು.

"ಎಲ್ಲೈತೆ ಮೇಡಮ್ಮ? ಏನೂ ಇಲ್ಲ."

ನಾನು ಈ ಸಲ ರೇಗಲಿಲ್ಲ. ಆಕೆಯ ಬೆನ್ನ ಹಿಂದಿನ ರಾಶಿಯನ್ನು ನೋಡಿ ಬರೆದುಕೊಂಡೆ.