ಅಕ್ಕನ ಫಿಟ್ಸ್ ಮಾತ್ರೆ

ಮೊನ್ನೆ ನೆಲಮಂಗಲದ ಮೆಡಿಕಲ್ ಸ್ಟೋರಿನಲ್ಲಿ ಮಂಡಿನೋವಿನ ಮುಲಾಮಿಗಾಗಿ ನಿಂತಿದ್ದೆ. ಅದರಿಂದ ನೋವು ಹೋದೀತೆಂಬ ನಂಬಿಕೆ ನನಗೂ ಇಲ್ಲ, ನನ್ನ ಮಂಡಿಗೂ ಇಲ್ಲ. ಪಕ್ಕದಲ್ಲಿದ್ದ ಹೊಸದಾಗಿ ಮದುವೆಯಾದ ಹುಡುಗಿ ಚೀಟಿ ಚಾಚಿದಳು. ಅಂಗಡಿಯಾತ ಅದನ್ನು ಓದಿ, "ಏನಮ್ಮಾ, ಇದು ಫಿಟ್ಸ್ ಮಾತ್ರೆ. ಬಸುರಿನಾ? ಡಾಕ್ಟ್ರಿಗೆ ಹೇಳಿದ್ದೀಯಾ?" ಎಂದು ಕೇಳಿದ. ಅಷ್ಟೇ. ಬಂದ ಕೆಲಸವೇ ನನಗೆ ಮರೆತುಹೋಯಿತು.

ಈ ಮಾತನ್ನು ನಮ್ಮಕ್ಕ ಸರೋಜಳನ್ನು ಯಾರೂ ಕೇಳಿರಲಿಲ್ಲ ನೋಡಿ.

ಅಕ್ಕನಿಗೆ ಹೈಸ್ಕೂಲಿನಿಂದಲೂ ಫಿಟ್ಸ್. ದಿನವೂ ಮಾತ್ರೆ ನುಂಗಿದರೆ ಎಲ್ಲರಂತಿರುತ್ತಿದ್ದಳು; ಎಲ್ಲರಿಗಿಂತ ಜೋರಾಗಿಯೇ ನಗುತ್ತಿದ್ದಳು. ದೊಡ್ಡಬೆಳವಂಗಲಕ್ಕೆ ಮದುವೆಯಾಗಿ ಹೋಗಿ ಬಸುರಾದಾಗಲೂ ಅದೇ ಹಳೆಯ ಚೀಟಿ, ಅದೇ ಮಾತ್ರೆ. "ನಿಲ್ಲಿಸಿಬಿಡ್ಲೇನೇ?" ಎಂದು ನನ್ನನ್ನು ಕೇಳಿದ್ದಳು. ನಿಲ್ಲಿಸಿದರೆ ಎಲ್ಲಾದರೂ ಬೀಳುತ್ತಾಳೆ, ಮಗುವಿಗೇ ಅಪಾಯ ಎಂದು ಮನೆಯವರೆಲ್ಲ ಹೆದರಿದೆವು. ಬೇರೆ ಮಾತ್ರೆಯೂ ಇರುತ್ತದೆಂಬುದು ನಮಗೆ ಹೊಳೆಯಲೇ ಇಲ್ಲ.

ಚಂದನಾ ಹುಟ್ಟಿದಳು. ಕತ್ತು ನಿಲ್ಲುವುದು ತಡವಾಯಿತು, ನಡಿಗೆ ತಡವಾಯಿತು. ಮಾತು ಬರಲೆಂದು ಅಜ್ಜಿ ನಾಲಿಗೆಗೆ ಬಜೆ ತೇಯ್ದು ಹಚ್ಚಿದರು. ಕೊನೆಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರಮ್ಮ ಎಲ್ಲ ವಿಚಾರಿಸಿ, ಹೊಟ್ಟೆಯಲ್ಲಿದ್ದಾಗಲೇ ಆ ಮಾತ್ರೆ ಮಗುವಿನ ಮೆದುಳಿನ ಬೆಳವಣಿಗೆಗೆ ಪೆಟ್ಟು ಕೊಟ್ಟಿರಬಹುದು ಎಂದರು.

"ಅಂದ್ರೆ ನಾನೇ ಮಾಡ್ದೆನಾ ಮೇಡಂ?"

"ಇಲ್ಲಮ್ಮ. ನಿಮಗೆ ಯಾರಾದ್ರೂ ಹೇಳ್ಬೇಕಿತ್ತು. ಬಸುರಾಗೋಕೆ ಮುಂಚೆ ಮಾತ್ರೆ ಬದಲಾಯಿಸಬಹುದಿತ್ತು."

ಸಮಾಧಾನಕ್ಕೆಂದು ಆಡಿದ ಆ ಮಾತೇ ಅಕ್ಕನನ್ನು ಮುರಿದುಹಾಕಿತು.

ಊರಿಗೆ ಬಂದವಳು ಯಾರಿಗೂ ಹೇಳದೆ ಮಾತ್ರೆ ಬಿಟ್ಟಳು. ಒಂದು ಬೆಳಗ್ಗೆ ನೀರೊಲೆಯ ಮುಂದೆ ಫಿಟ್ಸ್ ಬಂದು ಬಿದ್ದಳು; ಬಲಗೈ ಬೆಂದುಹೋಯಿತು. ಪಕ್ಕದಲ್ಲೇ ಕೂತಿದ್ದ ಚಂದನಾ, ಅಮ್ಮ ಆಟವಾಡುತ್ತಿದ್ದಾಳೆಂದು ಚಪ್ಪಾಳೆ ತಟ್ಟುತ್ತಿದ್ದಳಂತೆ. ಆಮೇಲೆ ಡಾಕ್ಟರು ಬೇರೆ ಮಾತ್ರೆ ಬರೆದುಕೊಟ್ಟರು. ಅಕ್ಕ ಅದನ್ನು ತಪ್ಪದೆ ನುಂಗುತ್ತಾಳೆ, ಬದುಕಬೇಕೆಂಬ ಆಸೆಯಿಂದಲ್ಲ, ಚಂದನಾಳಿಗೆ ಅನ್ನ ಕಲಸಿ ಕೊಡಲು ಯಾರಾದರೂ ಬೇಕಲ್ಲ ಎಂದು.

ಮೊನ್ನೆ ಅಂಗಡಿಯಿಂದ ಮನೆಗೆ ಹೋಗಲಾಗದೆ, ಬಸ್ಸು ಹತ್ತಿ ಅಕ್ಕನ ಊರಿಗೆ ಹೋದೆ. ಅಕ್ಕ ಇಪ್ಪತ್ತು ದಾಟಿದ ಮಗಳನ್ನು ಜಗಲಿಯ ಮೇಲೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು.

"ಇವ್ಳು ನನಗಿಂತ ಮುಂಚೆ ಹೋಗ್ಬಿಡ್ಲಿ ಅಂತ ದಿನಾ ದೇವ್ರನ್ನ ಕೇಳ್ಕೋತೀನಿ ಕಣೇ," ಎಂದಳು, ಜಡೆಯಿಂದ ಕಣ್ಣೆತ್ತದೆ.

ಹಿಂದೆಲ್ಲ ಹೀಗೆಂದಾಗ, "ಬಿಡ್ತು ಅನ್ನು, ನಾನಿಲ್ವಾ?" ಎಂದು ಗದರುತ್ತಿದ್ದೆ. ಈ ಸಲ ಅವಳಿಂದ ರಿಬ್ಬನ್ನು ತೆಗೆದುಕೊಂಡು ಇನ್ನೊಂದು ಜಡೆ ಹೆಣೆಯತೊಡಗಿದೆ.