ಇಸ್ತ್ರಿಯವಳ ಪಾಲಿಗೆ ಬಂದ ಕಡಲು

ಅವಳಿಗೆ ಮೀನು ಸಾಕುವ ಗೀಳು ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಡೆದದ್ದನ್ನು ಅರ್ಧ ಕೇಳಿದವರು ಹೆಂಡತಿಗೂ ಗಂಡನ ಹುಚ್ಚು ಅಂಟಿತೆಂದು ತೀರ್ಮಾನ ಮಾಡಿಬಿಡುತ್ತಾರೆ. ಅಂಟಿರಲಿಲ್ಲ. ಲಾಡ್ಜುಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಡೀ ದಿನ ನಿಂತುಕೊಂಡೇ ಇಸ್ತ್ರಿ ಮಾಡಿ ಬರುವ ಹೆಂಗಸಿಗೆ ಯಾವ ಹುಚ್ಚೂ ಅಂಟುವುದಿಲ್ಲ. ಕಾಲು ಊದುತ್ತದೆ, ಅಷ್ಟೆ.

ಗಂಡ ಗಾಜಿನ ಅಂಗಡಿಯಲ್ಲಿ ಗಾಜು ಕೊಯ್ಯುವವನಾಗಿದ್ದ. ಕಿಟಕಿಗೆ, ಕಪಾಟಿಗೆ, ಕನ್ನಡಿಗೆ ಅಳತೆ ಮಾಡಿ ಕೊಯ್ದ ಮೇಲೆ ಉಳಿಯುವ ಪಟ್ಟಿಗಳನ್ನು ಮಾಲೀಕ ಗೋಡೆಗೆ ಒರಗಿಸಿಡುತ್ತಿದ್ದ. ಯಾರಿಗೂ ಬೇಡವಾದವನ್ನು ಇವನು ಗೋಣಿಯಲ್ಲಿ ಸುತ್ತಿ ಮನೆಗೆ ತರುತ್ತಿದ್ದ. ಅವನ್ನು ಜೋಡಿಸಿ, ಅಂಟು ಬಳಿದು, ಮೊದಲು ಒಂದು ಸಿಹಿನೀರಿನ ತೊಟ್ಟಿ ಮಾಡಿದ. ಕುಡಿಯುವ ನೀರಿನ ಬಾಟಲಿಯನ್ನು ಕತ್ತರಿಸಿ, ಒಳಗೆ ಸ್ಪಂಜು ತುರುಕಿ, ಗಾಳಿ ಪಂಪಿನ ಕೊಳವೆ ಸಿಕ್ಕಿಸಿದ್ದೇ ಫಿಲ್ಟರು. ಪಂಪು ಗಡಗಡ ಎನ್ನುತ್ತಿತ್ತು. ಹಳೆಯ ರಬ್ಬರು ಚಪ್ಪಲಿಯ ಮೇಲೆ ಕೂರಿಸಿದಾಗ ಸುಮ್ಮನಾಯಿತು. ಆ ತೊಟ್ಟಿಯಲ್ಲಿ ಗಪ್ಪಿ ಎಂಬ ಪುಟ್ಟ ಮೀನುಗಳು ಯಾರ ಹಂಗೂ ಇಲ್ಲದೆ ಮರಿ ಹಾಕುತ್ತಾ ಹೋದವು.

ಅಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಅವನಿಗೆ ಕಡಲ ಮೀನು ಬೇಕೆನಿಸಿತು. ಅದು ಉಳ್ಳವರ ಆಟ ಎಂದು ಎಲ್ಲರೂ ಹೇಳಿದರು. ನೀರಿಗೆ ಬೆರೆಸುವ ಉಪ್ಪಿನ ಬೆಲೆಯೇ ಅವನ ಕೈಗೆಟುಕುವಂಥದ್ದಲ್ಲ. ಅವನು ಬೇರೆ ದಾರಿ ಹುಡುಕಿದ. ಮಾರುಕಟ್ಟೆಗೆ ಮೀನು ತರುವ ಲಾರಿಯ ಚಾಲಕನನ್ನು ಗೊತ್ತುಮಾಡಿಕೊಂಡು, ಎಣ್ಣೆಯ ಖಾಲಿ ಕ್ಯಾನುಗಳಲ್ಲಿ ಸಮುದ್ರದ ನೀರನ್ನೇ ತರಿಸಿದ. ಕ್ಯಾನುಗಳನ್ನು ಮಂಚದ ಕೆಳಗೆ ಕತ್ತಲಲ್ಲಿಟ್ಟು ನೀರು ತಿಳಿಯಾಗಿಸಿದ. ಸಾಕುವ ಮೀನು ಮಾರುವ ಅಂಗಡಿಯವನ ಸೋರುವ ತೊಟ್ಟಿಗಳಿಗೆಲ್ಲ ಹೊಸದಾಗಿ ಅಂಟು ಹಾಕಿಕೊಟ್ಟು, ಅದಕ್ಕೆ ಬದಲಾಗಿ ಕಿತ್ತಳೆ ಮೈಯ, ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನು ತಂದ. ಒಂದು ದೊಡ್ಡದು, ಒಂದು ಚಿಕ್ಕದು. ಕೈ ಅದ್ದಿದರೆ ಅವು ಬೆರಳಿನ ಸಂದಿಗೆ ಬರುತ್ತಿದ್ದವು.

ಬಂದಾಗಲೆಲ್ಲ ನಾದಿನಿ ಅಣಕಿಸುವಳು. "ನೋಡಿ ಅತ್ತಿಗೆ, ಮೀನಿಗೆ ಗಾಳಿ ಹಾಕೋಕೆ ಎರಡು ಪಂಪು. ನಿಮಗೆ ಒಂದು ಫ್ಯಾನಿಲ್ಲ."

"ಮುಂದಿನ ಜನ್ಮಕ್ಕೆ ಮೀನಾಗಿ ಹುಟ್ತೀನಿ ಬಿಡು," ಎಂದು ಇವಳು ಕಾಲು ಚಾಚಿಕೊಳ್ಳುತ್ತಿದ್ದಳು. ಅವಳ ಮತ್ತು ಮೀನಿನ ಸಂಬಂಧ ಇಷ್ಟೇ. ಬೆಳಗ್ಗೆ ಅವಳು ಲಾಂಡ್ರಿಗೆ ಹೋದ ಮೇಲೆ ಗಂಡ ತೊಟ್ಟಿಗಳ ಕೆಲಸ ಮಾಡಿ ಅಂಗಡಿಗೆ ಹೊರಡುತ್ತಿದ್ದ. ಏನು ಮಾಡುತ್ತಾನೆಂದು ಅವಳು ನೋಡಿದ್ದೂ ಇಲ್ಲ, ಕೇಳಿದ್ದೂ ಇಲ್ಲ.

ಹೀಗಿರುವಾಗ ಅವನಿಗೆ ಪಾರ್ಶ್ವವಾಯು ಬಡಿಯಿತು. ಅಂಗಡಿಯಲ್ಲೇ ಕುಸಿದ. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಆಸ್ಪತ್ರೆಯಿಂದ ಮನೆಗೆ ತಂದಾಗ ಮಂಚ ಹಾಕಲು ಇದ್ದದ್ದು ಒಂದೇ ಗೋಡೆ, ತೊಟ್ಟಿಗಳ ಎದುರಿನದು. ಹಾಗಾಗಿ ಅವನು ಮಲಗಿದಲ್ಲಿಂದ ಕಡಲ ತೊಟ್ಟಿಯನ್ನು ನೋಡುತ್ತಿರುವಂತಾಯಿತು. ಬಂದವರೆಲ್ಲ ಇದನ್ನು ಪುಣ್ಯವೆಂಬಂತೆ ಹೇಳಿದರು. "ಹೊತ್ತು ಹೋಗತ್ತೆ ಅವರಿಗೆ." ಆ ತೊಟ್ಟಿಯನ್ನು ಉಳಿಸಿಕೊಂಡು ಬರುವುದು ಹೀಗೆ ಅವಳ ಪಾಲಿಗೆ ಬಂತು.

ಕೆಲಸದಿಂದ ಬಂದು ಅವನನ್ನು ಒರೆಸಿ, ಬಟ್ಟೆ ಬದಲಿಸಿ, ಚಮಚದಲ್ಲಿ ಉಣಿಸಿ, ಮಗ್ಗುಲು ಹೊರಳಿಸುವಷ್ಟರಲ್ಲಿ ಅವಳ ಸೊಂಟ ಇನ್ನು ಬೇಡ ಎನ್ನುತ್ತಿತ್ತು. ಆಮೇಲೆ ಮೀನು. ಮೀನಿಗೆ ತಿನ್ನಲು ಎಷ್ಟು ಹಾಕಬೇಕೆಂದು ಅಂಗಡಿಯವನು ಹೇಳಿಕೊಟ್ಟಿದ್ದ. ಗಾಜು ಒರೆಸುವುದು ಅವಳಿಗೇ ಗೊತ್ತಿತ್ತು. ಉಳಿದದ್ದು ನೀರು. ತೊಟ್ಟಿಯ ನೀರು ದಿನದಿನಕ್ಕೆ ಇಳಿಯುತ್ತಿತ್ತು. ಗಂಡ ಗಾಜಿನ ಮೇಲೆ ಎಳೆದಿದ್ದ ಗೀಟಿನಿಂದ ಅದು ಕೆಳಗೆ ಹೋದಾಗ ಅವಳು ಮಂಚದ ಕೆಳಗಿನ ಕ್ಯಾನು ಎಳೆದು, ಸಮುದ್ರದ ನೀರನ್ನೇ ಸುರಿದು ಗೀಟಿಗೆ ಸರಿಮಾಡಿದಳು. ಕಡಲ ಮೀನಿಗೆ ಕಡಲ ನೀರು. ನಲ್ಲಿಯ ನೀರು ಹಾಕಿ ಕೈತೊಳೆದುಕೊಳ್ಳುವ ಬುದ್ಧಿ ಅವಳಿಗಿರಲಿಲ್ಲ. ಕ್ಯಾನು ಮುಗಿದರೆ ಲಾರಿ ನಿಲ್ಲುವ ಕಡೆಗೆ ಹೋಗಿ, ತುಂಬಿದ್ದನ್ನು ತಂದು, ಮೆಟ್ಟಿಲಿಗೊಮ್ಮೆ ಇಳಿಸುತ್ತಾ ಮೇಲೆ ಏರಿಸುತ್ತಿದ್ದಳು.

"ಕಡಲನ್ನ ಕ್ಯಾನಲ್ಲಿ ಹೊತ್ತು ಮನೆಗೆ ತರೋರನ್ನ ಎಲ್ಲಾದ್ರೂ ನೋಡಿದ್ದೀರಾ ಅತ್ತಿಗೆ? ಕೊಟ್ಟುಬಿಡಿ ಯಾರಿಗಾದ್ರೂ," ಎಂದಳು ನಾದಿನಿ.

"ನಿಮ್ಮಣ್ಣನ್ನ ಕೇಳು."

"ಅವನು ಬಾಯಿಬಿಟ್ಟರೆ ತಾನೆ."

"ಬಿಡೋವಾಗಲೂ ನನ್ನ ಮಾತು ಕೇಳ್ತಿರಲಿಲ್ಲ, ಬಿಡು."

ಗಂಡ ಮಾತ್ರ ವಿಚಿತ್ರವಾಗಿ ಆಡತೊಡಗಿದ. ಅವಳು ಕ್ಯಾನು ಎಳೆದರೆ ಸಾಕು, ಗಂಟಲಿನಿಂದ ಒಂದು ಸದ್ದು ಹೊರಡುತ್ತಿತ್ತು. ನೀರು ಸುರಿಯುವಾಗ ಗೋಡೆಗೆ ಮುಖ ತಿರುಗಿಸುತ್ತಿದ್ದ. ತನ್ನ ಕೈಯ ಕೆಲಸ ಇನ್ನೊಬ್ಬರು ಮಾಡುವುದನ್ನು ನೋಡಲಾರದ ಗಂಡಸಿನ ಸಿಟ್ಟು ಇದೆಂದು ಅವಳು ತಿಳಿದಳು.

"ಯಾಕ್ರೀ, ಮುಖ ಯಾಕೆ ತಿರುಗಿಸ್ತೀರಾ? ನಿಮ್ಮ ಮೀನಿಗೆ ಒಂದು ತೊಟ್ಟು ಕಡಿಮೆ ಮಾಡಿಲ್ಲ ನಾನು."

ಒಂದು ಸಂಜೆ ಅವಳು ಕ್ಯಾನಿನಿಂದ ಮಗ್ಗಿಗೆ ನೀರು ಬಗ್ಗಿಸಿಕೊಂಡು ಮಂಚದ ಪಕ್ಕದಲ್ಲೇ ಹಾದು ಹೋಗುವಾಗ, ಅವನು ಎಡಗೈ ಬೀಸಿ ಮಗ್ಗನ್ನು ಹೊಡೆದುಹಾಕಿದ. ನೀರು ಅವಳ ಸೀರೆಗೂ ಅವನ ಹೊದಿಕೆಗೂ ಚೆಲ್ಲಿತು. ಅವಳು ಬೈಯಲಿಲ್ಲ. ನೆಲ ಒರೆಸಿದಳು, ಹೊದಿಕೆ ಬದಲಿಸಿದಳು, ಮತ್ತೆ ಮಗ್ಗು ತುಂಬಿಸಿಕೊಂಡು ಹೋಗಿ ತೊಟ್ಟಿಗೆ ಸುರಿದಳು. ಅವನು ಕಣ್ಣು ಮುಚ್ಚಿಕೊಂಡ.

ಆ ಹೊತ್ತಿಗಾಗಲೇ ತೊಟ್ಟಿಯ ಅಂಚಿನಲ್ಲಿ ಬಿಳಿ ಹಕ್ಕಳೆ ಕಟ್ಟಿತ್ತು. ಮೀನುಗಳು ಕಲ್ಲಿನ ಮರೆ ಬಿಟ್ಟು ಬರುತ್ತಿರಲಿಲ್ಲ. ಕಿವಿರು ಬಡಿದುಕೊಳ್ಳುವುದು ದೂರಕ್ಕೇ ಕಾಣುತ್ತಿತ್ತು. ಒಂದು ಬೆಳಗ್ಗೆ ದೊಡ್ಡ ಮೀನು ಮರಳಿನ ಮೇಲೆ ಅಡ್ಡಲಾಗಿ ಬಿದ್ದಿತ್ತು. ಅವಳು ಅದನ್ನು ತೆಗೆದು ಕಾಗದದಲ್ಲಿ ಸುತ್ತಿದಳು. ಮಂಚದತ್ತ ನೋಡಲಿಲ್ಲ. ಕೆಲಸ ಮುಗಿಸಿ ಬರುವಾಗ ಮೀನಿನ ಅಂಗಡಿಗೆ ಹೋಗಿ, "ಒಂದು ಹೋಯ್ತು. ಇನ್ನೊಂದನ್ನ ನೀನು ತಗೊಂಡು ಹೋಗಪ್ಪ. ನನ್ನ ಕೈಲಾಗಲ್ಲ," ಎಂದಳು.

ಅಂಗಡಿಯವನು ಭಾನುವಾರ ಬಂದ. ಒಳಗೆ ಬಂದವನೇ ತೊಟ್ಟಿಯ ಅಂಚಿನ ಬಿಳಿಯನ್ನು ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿಕೊಂಡ. ಚೀಲದಿಂದ ಉಪ್ಪು ಅಳೆಯುವ, ಉಪ್ಪು ಹೆಚ್ಚಿದಷ್ಟೂ ಮೇಲೆ ತೇಲುವ ಗಾಜಿನ ಕಡ್ಡಿ ತೆಗೆದು ತೊಟ್ಟಿಗೆ ಬಿಟ್ಟ. ಅದು ತಲೆಯೆತ್ತಿ ನಿಂತ ರೀತಿಗೆ ಅವನ ಹುಬ್ಬು ಮೇಲೇರಿತು.

"ಅಕ್ಕಾ, ನೀರು ಇಳಿದಾಗ ಏನು ಹಾಕ್ತಾ ಇದ್ರಿ?"

"ಕ್ಯಾನಿಂದು. ಸಮುದ್ರದ್ದೇ. ಬೇರೇದು ಒಂದು ಲೋಟ ಹಾಕಿಲ್ಲ."

"ಅಯ್ಯೋ ಅಕ್ಕಾ. ಆವಿಯಾಗಿ ಹೋಗೋದು ಬರೀ ನೀರು. ಉಪ್ಪು ಎಲ್ಲಿಗೆ ಹೋಗತ್ತೆ? ಅಲ್ಲೇ ಕೂತಿರತ್ತೆ. ಅದರ ಮೇಲೆ ನೀವು ಮತ್ತೆ ಉಪ್ಪುನೀರೇ ಸುರಿದ್ರೆ? ಇಳಿದಷ್ಟಕ್ಕೆ ಸಿಹಿನೀರು ಹಾಕಬೇಕು. ನಲ್ಲಿ ನೀರನ್ನ ಒಂದು ದಿನ ಬಕೆಟ್ಟಲ್ಲಿ ಇಟ್ಟು ಔಷಧಿ ವಾಸನೆ ಹೋಗಿಸಿದ್ದು. ಅಣ್ಣ ದಿನಾ ಬೆಳಗ್ಗೆ ಅದನ್ನೇ ಮಾಡ್ತಾ ಇದ್ದಿದ್ದು."

ಅವಳಿಗೆ ಕೂಡಲೇ ಅರ್ಥವಾಯಿತು, ಅದೇ ಕಷ್ಟವಾಗಿದ್ದು. ಲಾಂಡ್ರಿಯಲ್ಲಿ ಹಬೆಯ ಇಸ್ತ್ರಿಪೆಟ್ಟಿಗೆಗಳ ತೂತಿನಲ್ಲಿ ಬಿಳಿ ಕಟ್ಟುತ್ತದೆ. ನೀರು ಹಬೆಯಾಗಿ ಹೋಗಿ ನೀರಿನೊಳಗಿನದು ಹಿಂದೆ ಉಳಿದದ್ದು ಅದು. ವರ್ಷಗಟ್ಟಲೆ ಅವಳೇ ಅದನ್ನು ಕಡ್ಡಿಯಿಂದ ಕೆದಕಿ ತೆಗೆದಿದ್ದಾಳೆ, ಹೊಸಬರಿಗೆ ಅವಳೇ ಹೇಳಿಕೊಟ್ಟಿದ್ದಾಳೆ. ಅದೇ ಬಿಳಿ ಮನೆಯಲ್ಲಿ ಗಾಜಿನ ಅಂಚಿಗೆ ಕಟ್ಟಿದಾಗ ಅವಳು ಒದ್ದೆ ಬಟ್ಟೆಯಿಂದ ಒರೆಸಿ ಹಾಕಿದ್ದಳು.

ಅವಳು ಮಂಚದತ್ತ ತಿರುಗಿದಳು. ಅವನು ಅವಳನ್ನೇ ನೋಡುತ್ತಿದ್ದ.

"ಅದಕ್ಕೇ ಮಗ್ಗು ಹೊಡೆದಿರಾ?"

ಅವನು ಹೌದೆಂದು ತಲೆಯಾಡಿಸಿದ.

"ನಾನು ಬೇರೆ ಏನೋ ಅಂದ್ಕೊಂಡೆ," ಎಂದಳು. ಕ್ಷಮೆ ಕೇಳುವ ರೂಢಿ ಆ ಮನೆಯಲ್ಲಿರಲಿಲ್ಲ. ಇಬ್ಬರಿಗೂ ಅಷ್ಟು ಸಾಕಾಯಿತು.

ಅಂಗಡಿಯವನು ಕಡ್ಡಿಯನ್ನು ನೀರಿನಿಂದೆತ್ತಿ ಒರೆಸಿದ. "ಸತ್ತಿದ್ದು ದೊಡ್ಡದಲ್ವಾ ಅಕ್ಕಾ? ಅದು ಹೆಣ್ಣು. ಈ ಜಾತಿಯಲ್ಲಿ ಒಂದು ತಮಾಷೆ ಇದೆ. ಹೆಣ್ಣು ಸತ್ತರೆ ಇರೋ ಗಂಡೇ ಸ್ವಲ್ಪ ಕಾಲದಲ್ಲಿ ಹೆಣ್ಣಾಗಿಬಿಡತ್ತೆ."

"ಪಾಪ," ಎಂದಳು ಅವಳು. "ಇನ್ನು ಮೇಲೆ ಹೊರಗಿನ ಕೆಲಸಾನೂ ಅದರ ತಲೆ ಮೇಲೆ, ಒಳಗಿಂದೂ ಅದರ ತಲೆ ಮೇಲೆ."

ಮಂಚದ ಮೇಲಿನವನು ನಕ್ಕ. ಬಾಯಿ ಒಂದೇ ಕಡೆಗೆ ಹೋಯಿತು, ಸದ್ದು ಕೆಮ್ಮಿನಂತಿತ್ತು, ಆದರೆ ನಗುವೇ. ಬಿದ್ದ ದಿನದಿಂದ ಅವನು ನಕ್ಕಿರಲಿಲ್ಲ.

ಮೀನನ್ನು ಆ ದಿನ ಒಯ್ಯುವಂತಿರಲಿಲ್ಲ. ಇಷ್ಟು ಉಪ್ಪಿನಿಂದ ಅಂಗಡಿಯ ನೀರಿಗೆ ಒಮ್ಮೆಲೇ ಹಾಕಿದರೆ ಅದೂ ಸಾಯುತ್ತದೆ, ದಿನಕ್ಕಿಷ್ಟಿಷ್ಟೇ ಇಳಿಸಬೇಕು ಎಂದ ಅಂಗಡಿಯವನು. ಕಡ್ಡಿಯನ್ನು ಅಲ್ಲೇ ಬಿಟ್ಟುಹೋದ. ಕೊಟ್ಟು ಹಗುರಾಗಬೇಕೆಂದರೂ ಮೊದಲು ಇನ್ನಷ್ಟು ನೀರು ಹೊರಬೇಕಾಯಿತು.

ಈಗ ಕೆಲಸ ಇಬ್ಬರದಾಯಿತು. ಸಂಜೆ ಅವಳು ಒಂದು ಮಗ್ಗು ಉಪ್ಪುನೀರು ತೆಗೆದು ಚೆಲ್ಲುತ್ತಿದ್ದಳು, ಬಕೆಟ್ಟಿನಿಂದ ಸಿಹಿನೀರು ತುಂಬಿಕೊಂಡು ಅವನಿಗೆ ತೋರಿಸುತ್ತಿದ್ದಳು. ಅವನು ಎಡಗೈಯ ಎರಡು ಬೆರಳು ಅಗಲಿಸಿ ಎಷ್ಟೆಂದು ಹೇಳುತ್ತಿದ್ದ.

"ಇಷ್ಟೇನಾ? ಇನ್ನೊಂಚೂರು ಹಾಕ್ತೀನಿ, ಬೇಗ ಮುಗೀಲಿ."

ಅಂಗೈ ಅಡ್ಡ ಹಿಡಿಯುತ್ತಿದ್ದ.

"ಆಯ್ತು ಮಾರಾಯ್ರೇ. ಯಜಮಾನಿಕೆಗೆ ಮಾತ್ರ ಏನೂ ಆಗಿಲ್ಲ ನಿಮಗೆ."

ಕಡ್ಡಿ ನಿಧಾನವಾಗಿ ನೀರಿನಲ್ಲಿ ಕೆಳಗಿಳಿಯತೊಡಗಿತು. ಚಿಕ್ಕ ಮೀನು ಕಲ್ಲಿನ ಮರೆಯಿಂದ ಈಚೆ ಬಂದು ತಿಂದಿತು. ಅವಳಿಗೆ ಇದರಿಂದ ಹೇಳಿಕೊಳ್ಳುವಂಥ ಸಂತೋಷವೇನೂ ಆಗಲಿಲ್ಲ. ಕೆಟ್ಟದ್ದು ಸರಿಯಾಯಿತು ಎನಿಸಿತು. ಕಾಲು ಎಂದಿನಂತೆ ಊದಿತ್ತು.

ಅಂಗಡಿಯವನು ಮತ್ತೆ ಬಂದಾಗ ನಾದಿನಿಯೂ ಮನೆಯಲ್ಲಿದ್ದಳು. ಅವನು ಕಡ್ಡಿ ನೋಡಿ ಮೆಚ್ಚಿಕೊಂಡ. "ಅಕ್ಕಾ, ಇಷ್ಟು ಚೆನ್ನಾಗಿ ಇಳಿಸಿದ್ದೀರಿ. ಇನ್ನು ಕೊಡೋದು ಯಾಕೆ? ಸಿಹಿನೀರು ಹಾಕ್ಕೊಂಡು ಹೋದ್ರೆ ಆಯ್ತಲ್ಲ."

"ಹೌದು ಅತ್ತಿಗೆ," ಎಂದಳು ನಾದಿನಿ, ತಾನೇ ಕೊಟ್ಟುಬಿಡಿ ಎಂದದ್ದನ್ನು ಮರೆತು. "ಅಣ್ಣನಿಗೆ ಹೊತ್ತು ಹೋಗತ್ತೆ."

"ಅವರಿಗೆ ಹೋಗತ್ತೆ. ನನಗೆ ಹೊತ್ತೇ ಇಲ್ಲವಲ್ಲ," ಎಂದಳು ಅವಳು. ದನಿ ಏರಿರಲಿಲ್ಲ. "ತಿಂಗಳಿಗೊಂದು ಸಲ ಕ್ಯಾನು ಹೊರಬೇಕು, ನೀರು ಬದಲಿಸಬೇಕು. ಕರೆಂಟು ಹೋಗಿ ಪಂಪು ನಿಂತರೆ ಎದ್ದು ಕೂರಬೇಕು. ಗಪ್ಪಿ ಟ್ಯಾಂಕು ಇರಲಿ. ಅದು ನಾನು ಒಂದು ವಾರ ಮರೆತರೂ ಬದುಕತ್ತೆ. ಇದು ಮರೆಯೋಕೆ ಬಿಡಲ್ಲ."

ಅವಳು ಮಂಚದ ಹತ್ತಿರ ಹೋಗಿ ನಿಂತಳು.

"ನೀವೇ ಹೇಳಿ. ಕೊಡಲಾ, ಬೇಡವಾ? ಬೇಡ ಅಂದ್ರೆ ಇಟ್ಕೋತೀನಿ, ಗೊಣಗಿಕೊಂಡೇ ಮಾಡ್ತೀನಿ. ನನಗೆ ಬೇಜಾರಾಗತ್ತೆ ಅಂತ ಹೂಂ ಅನ್ನಬೇಡಿ."

ಅವನು ತೊಟ್ಟಿಯತ್ತ ನೋಡಿದ. ಆಮೇಲೆ ಅವಳ ಕಾಲುಗಳತ್ತ ನೋಡಿದ. ಕೊಡು ಎಂಬಂತೆ ತಲೆಯಾಡಿಸಿದ. ಅವಳು ಇನ್ನೊಮ್ಮೆ ಕೇಳಿದಳು, ಇನ್ನೊಮ್ಮೆ ಆಡಿಸಿದ. ಯಾರಿಗಾಗಿ ಒಪ್ಪಿದನೆಂದು ಅವಳು ಕೆದಕಲಿಲ್ಲ. ಕೆದಕಿದ್ದರೆ ಹೇಳಲು ಅವನಿಗೆ ಮಾತೂ ಇರಲಿಲ್ಲ.

ಅಂಗಡಿಯವನು ಬಲೆ ತೆಗೆದಾಗ ಮಂಚದಿಂದ ಆ ಗಂಟಲ ಸದ್ದು ಮತ್ತೆ ಬಂತು. ಈ ಸಲ ಅವಳು ತಪ್ಪು ತಿಳಿಯಲಿಲ್ಲ, ಮೀನನ್ನು ತಾನೇ ಹಿಡಿಯಬೇಕೆಂದು ಅವನು ಹೇಳುತ್ತಿದ್ದ. ಅಂಗಡಿಯವನ ಸಹಾಯದಿಂದ ಅವನನ್ನು ಎಬ್ಬಿಸಿ, ಕುರ್ಚಿಯ ಮೇಲೆ ಕೂರಿಸಿ, ತೊಟ್ಟಿಗೆ ಒತ್ತಿ ಇಟ್ಟಳು. ಎಡಗೈಗೆ ಪ್ಲಾಸ್ಟಿಕ್ ಲೋಟ ಕೊಟ್ಟಳು. ಅವನು ತೋಳು ಅದ್ದಿದ. ಲೋಟ ಕೈಯಲ್ಲಿ ಅಲುಗುತ್ತಿತ್ತು. ಮೀನು ಬಂದು, ಹೆದರಿ ಹಿಂದೆ ಸರಿಯಿತು. ಮತ್ತೆ ಬಂದು ಮತ್ತೆ ಸರಿಯಿತು. ಅವನ ಹಣೆ ಬೆವರಿತು.

"ಅಣ್ಣಾ, ನಾನು ಹಿಡೀಲಾ?"

"ಬಿಡಪ್ಪ," ಎಂದಳು ಅವಳು. "ಅವರೇ ಹಿಡೀಲಿ. ನಿನಗೇನು ಅವಸರ?"

ಬಹಳ ಹೊತ್ತು ಹಿಡಿಯಿತು. ಕೊನೆಗೆ ಅವನು ಲೋಟವನ್ನು ಮರಳಿನ ಮೇಲೆ ಮಲಗಿಸಿ, ಬೆರಳನ್ನು ಅದರ ಬಾಯಿಯ ಬಳಿ ಇಟ್ಟು ಅಲುಗದೆ ಕೂತ. ಮೀನು ಬೆರಳಿಗೆ ಬಂತು, ಬೆರಳಿನ ಹಿಂದೆ ಲೋಟದೊಳಕ್ಕೆ ಹೋಯಿತು. ಅವನು ಲೋಟದ ಬಾಯಿಗೆ ಅಂಗೈ ಮುಚ್ಚಿದ. ಅವಳು ಅವನ ಕೈಯ ಕೆಳಗೆ ತನ್ನ ಕೈ ಕೊಟ್ಟು ಲೋಟವನ್ನು ಮೇಲಕ್ಕೆತ್ತಿದಳು.

ಅಂಗಡಿಯವನು ಮೀನನ್ನು ನೀರಿನ ಚೀಲಕ್ಕೆ ಬಿಟ್ಟು ಬಾಯಿ ಕಟ್ಟಿದ. ನಾದಿನಿ ಕಣ್ಣು ಒರೆಸಿಕೊಂಡಳು. ಅವಳಿಗೆ ಅದಕ್ಕೆ ಪುರಸೊತ್ತಿತ್ತು.

"ಖಾಲಿ ಟ್ಯಾಂಕು ಏನು ಮಾಡ್ತೀರಕ್ಕ?"

"ನೀರು ಹೊರಗೆ ಹಾಕಬೇಕು, ಮರಳು ತೊಳೀಬೇಕು. ಅದೆಲ್ಲ ಇದ್ದಿದ್ದೇ," ಎಂದಳು ಅವಳು. "ಮೊದಲು ಒಂದಷ್ಟು ಹೊತ್ತು ಕೂತ್ಕೋತೀನಿ."

ಗಂಡನ ಒದ್ದೆ ತೋಳನ್ನು ಸೆರಗಿನಿಂದ ಒರೆಸಿ, ಖಾಲಿಯಾಗಿದ್ದ ಮಂಚದ ಅಂಚಿನಲ್ಲಿ ಕೂತು ಕಾಲು ಚಾಚಿದಳು.