ಫ್ಯಾಮಿಲಿಗೆ ಮಾತ್ರ

ಹಳೆ ಸೋಫಾ, ಕರಾವಿನ ಹಸು, ಖಾಲಿ ಸೈಟು, ಕಂಕಣಭಾಗ್ಯ, ಇವೆಲ್ಲವೂ ಈಗ ಒಂದೇ ಜಾಲತಾಣದಲ್ಲಿ ಸಿಗುತ್ತವೆ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ನಾನೂ ಅಲ್ಲಿ ನನ್ನನ್ನು ಪ್ರಕಟಿಸಿಕೊಂಡೆ. ಗುಬ್ಬಿಯಲ್ಲಿ ಹೈಸ್ಕೂಲ್ ಮೇಷ್ಟ್ರು, ತುಮಕೂರಿನಲ್ಲಿ ವಾಸ, ದುಶ್ಚಟಗಳಿಲ್ಲ. ಮೂರು ತಿಂಗಳು ಯಾರೂ ತಿರುಗಿ ನೋಡಲಿಲ್ಲ. ನನ್ನ ಜಾಹೀರಾತಿನ ಕೆಳಗಿದ್ದ ಹಳೆ ಮಿಕ್ಸಿ ಎರಡೇ ದಿನಕ್ಕೆ ಹೋಯಿತು.

ಕೊನೆಗೆ ಕುಣಿಗಲ್ಲಿನಿಂದ ಒಂದು ಉತ್ತರ ಬಂತು. ಆಕೆಗೆ ಮೂವತ್ತೊಂಬತ್ತು. ಅಲ್ಲೇ ಒಂದು ಔಷಧಿ ಅಂಗಡಿಯಲ್ಲಿ ಕೆಲಸ. ತಿಂಗಳೊಪ್ಪತ್ತು ಫೋನಿನಲ್ಲಿ ಮಾತಾಡಿದೆವು. ಮಾತೆಂದರೆ ಊಟ, ಬಸ್ಸು, ನನ್ನ ಮಂಡಿನೋವು. ಆ ಮಂಡಿಯ ಬಗ್ಗೆ ಅದುವರೆಗೆ ಯಾರೂ ಎರಡನೆಯ ಪ್ರಶ್ನೆ ಕೇಳಿರಲಿಲ್ಲ.

ಆಮೇಲೆ ಆಕೆಯ ಅಣ್ಣ, ಪದ್ಧತಿಯಂತೆ, ಗಂಡಿನ ಮನೆ ನೋಡಲು ಬರುತ್ತೇವೆಂದರು. ತೋರಿಸಲು ಮನೆಯೇ ಇರಲಿಲ್ಲ. ನಾನಿದ್ದದ್ದು ಸೈಕಲ್ ಅಂಗಡಿಯ ಮೇಲಿನ ಒಂಟಿ ಕೋಣೆ. ಅದೇ ಜಾಲತಾಣದಲ್ಲಿ ಬಾಡಿಗೆ ಮನೆ ಹುಡುಕಿದೆ. ಪ್ರತಿ ಜಾಹೀರಾತಿನ ನೆತ್ತಿಯ ಮೇಲೂ ಅದೇ ಶಾಸನ: ಫ್ಯಾಮಿಲಿಗೆ ಮಾತ್ರ.

"ಬ್ಯಾಚುಲರ್ರಾ? ಆಗಲ್ಲ ಬುಡಿ ಸಾರ್, ಆಮೇಲೆ ಪಾರ್ಟಿ ಗೀರ್ಟಿ ಅಂತೀರ," ಎಂದರು ಒಬ್ಬ ಮಾಲೀಕರು. ಪಾರ್ಟಿ ಎಂದರೆ ನನಗೆ ನೆನಪಾಗುವುದು ಚುನಾವಣಾ ಡ್ಯೂಟಿ.

ಎಂಟನೆಯ ಮಾಲೀಕರೆದುರು ನಾಲಿಗೆ ತಾನಾಗಿ ಹೊರಳಿತು. "ಮನೆಯವಳು ಬಾಣಂತನಕ್ಕೆ ತವರಿಗೆ ಹೋಗಿದಾಳೆ. ಕುಣಿಗಲ್ಲು." ಬೇರೆ ಯಾವ ಊರೂ ಆ ಹೊತ್ತಿಗೆ ನನ್ನ ತಲೆಯಲ್ಲಿರಲಿಲ್ಲ. ಬೀಗದ ಕೈ ಸಿಕ್ಕಿತು. ಶಾಮಿಯಾನದ ಅಂಗಡಿಯಿಂದ ನಾಲ್ಕು ಕುರ್ಚಿ ತಂದು ಹಾಕಿದೆ.

ಭಾನುವಾರ ಅಣ್ಣ, ಅತ್ತಿಗೆ ಬಂದರು. ಅಡುಗೆಮನೆ ಇಣುಕಿದರು, ನಲ್ಲಿ ತಿರುಗಿಸಿದರು.

"ನೀರು ದಿನಾ ಬರ್ತದಾ ಮೇಷ್ಟ್ರೇ?" ಅಣ್ಣ ಕೇಳಿದರು.

"ಬರುತ್ತೆ."

"ನಮ್ ಹುಡ್ಗಿಗೆ ಅಷ್ಟಿದ್ರೆ ಸಾಕು ಬುಡಿ," ಎಂದು ಅತ್ತಿಗೆ ನಕ್ಕರು.

ಕಾಫಿ ಕೈಗೆ ಬಂದಿತ್ತು, ಲಗ್ನದ ಮಾತು ಬಾಯಿಗೆ ಬರುವುದರಲ್ಲಿತ್ತು. ಆಗ ಮಾಲೀಕರ ಹೆಂಡತಿ ಸಬ್ಬಸಿಗೆ ಸೊಪ್ಪಿನ ಕಟ್ಟು ಹಿಡಿದು ಒಳಗೆ ಬಂದರು.

"ಕುಣಿಗಲ್ಲಿಂದ ಬಂದವ್ರಂತೆ ಅಂತ ನಮ್ಮನೆಯೋರು ಅಂದ್ರು. ತಗಳಿ, ಬಾಣಂತಿಗೆ ಸಬ್ಸಿಗೆ ಒಳ್ಳೇದು. ಮಗೂನೂ ಕರ್ಕೊಂಡ್ ಬರೋದಲ್ವಾ?"

"ಯಾವ್ ಮಗು?" ಎಂದರು ಅಣ್ಣ.

"ಇನ್ಯಾವ್ದು, ನಿಮ್ ತಂಗೀದೇ ಕಣಪ್ಪ."

ನಾನು ಎದ್ದು ನಿಂತು ಎಲ್ಲವನ್ನೂ ಮೊದಲಿನಿಂದ, ಕ್ರಮವಾಗಿ, ಪಾಠ ಹೇಳುವಂತೆ ವಿವರಿಸಿದೆ. ವಿವರಿಸಿದಷ್ಟೂ ಹದಗೆಟ್ಟಿತು.

"ಮದ್ವೆಗ್ ಮುಂಚೆನೇ ನಮ್ ಹುಡ್ಗೀನ ಬಾಣಂತಿ ಮಾಡಿ ಕೂರ್ಸಿದೀಯಲ್ಲಯ್ಯ," ಎಂದು ಅಣ್ಣ ಲೋಟ ಕೆಳಗಿಟ್ಟು ಎದ್ದರು. ಅತ್ತಿಗೆ ನನ್ನ ಮುಖ ನೋಡದೆ ಚಪ್ಪಲಿ ಮೆಟ್ಟಿಕೊಂಡರು. ಮಾಲೀಕರು ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕೆಂದರು. ಸೊಪ್ಪನ್ನು ಮಾತ್ರ ವಾಪಸು ಕೇಳಲಿಲ್ಲ.

ಸಂಜೆ ಆಕೆಯ ಫೋನು ಬಂತು.

"ಸುಳ್ಳು ಹೇಳಿದ್ದು ಮನೆಗೋಸ್ಕರ ಅಂತ ನಂಗೊತ್ತು. ಅಣ್ಣ ಇನ್ನು ನಿಮ್ಮನ್ನ ನಂಬಲ್ಲ. ಈ ಮಾತು ಇಲ್ಲಿಗೆ ಬಂದ್ರೆ ನಾನ್ ಅಂಗಡೀಲಿ ನಿಲ್ಲೋಕಾಗಲ್ಲ."

"ನಾನು ಬಂದು ಮಾತಾಡ್ಲಾ?"

"ಬೇಡಿ. ನಿಮ್ ನಂಬರ್ ಬ್ಲಾಕ್ ಮಾಡು ಅಂದವ್ರೆ. ಮಾಡ್ತೀನಿ. ಹೇಳ್ದೆ ಮಾಡೋದು ಸರಿಯಲ್ಲ ಅಂತ ಫೋನ್ ಮಾಡ್ದೆ. ಇಡ್ಲಾ?"

"ಹೂಂ," ಅಂದೆ.

ಮರುದಿನ ಶಾಲೆ ಮುಗಿಸಿ, ಗುಬ್ಬಿ ಬಸ್ ನಿಲ್ದಾಣದಿಂದ ಒಮ್ಮೆ ಫೋನ್ ಮಾಡಿ ನೋಡಿದೆ. ಆಕೆ, ಹೇಳಿದಂತೆ ನಡೆದುಕೊಳ್ಳುವವಳು.